ಯುರೋಪ್ ಪ್ರವಾಸ ಮತ್ತು ಪಾಸ್‌ಪೋರ್ಟಿನ ಪಂಕ್ತಿಭೇದ

ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಯುರೋಪ್ ಪ್ರವಾಸದ ಮಾತು ಹುಟ್ಟುವುದು ಸಾಮಾನ್ಯವಾಗಿ ಊಟದ ಹೊತ್ತಿನಲ್ಲಿ. ಸಂಕ್ರಾಂತಿಗೋ ಯುಗಾದಿಗೋ ಎಡಿಸನ್ನಿನ ಒಂದು ಮನೆಯಲ್ಲಿ ನಾಲ್ಕಾರು ಸಂಸಾರಗಳು ಸೇರುತ್ತವೆ. ಕಳೆದ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಹೋಗಿಬಂದವರು ಫೋನಿನಲ್ಲಿ ಚಿತ್ರ ತೋರಿಸುತ್ತಾರೆ. ಸಲಹೆಗಳು ಸರಾಗವಾಗಿ ಹರಿಯತೊಡಗುತ್ತವೆ. ಲೂವ್ರ್ ಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಟಿಕೆಟ್ಟನ್ನು ಮುಂಚೆಯೇ ಕಾಯ್ದಿರಿಸಿ. ಮೆಟ್ರೊದಲ್ಲಿ ಕಿಸೆಗಳ್ಳರಿದ್ದಾರೆ, ಎಚ್ಚರ. ಅಡುಗೆಮನೆಯಿರುವ ವಸತಿ ಹಿಡಿದರೆ ಒಂದು ಹೊತ್ತಿಗಾದರೂ ಅನ್ನ-ಸಾರು ಆಗುತ್ತದೆ. ಪುಳಿಯೋಗರೆ ಗೊಜ್ಜು ಒಯ್ಯಿರಿ, ತುಪ್ಪ ಮಾತ್ರ ಬೇಡ, ಹೊರಗಿನ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟ ಒಳಬಿಡುವುದಿಲ್ಲ. ಇವೆಲ್ಲ ಅನುಭವದಿಂದ ಬಂದ, ಉಪಯುಕ್ತವಾದ ಮಾತುಗಳೇ. ಆದರೆ ಈ ಸಲಹೆಗಳ ನಡುವೆ ಒಂದು ಪ್ರಶ್ನೆ ಮಾತ್ರ ಕೇಳಿಬರುವುದಿಲ್ಲ: ಈ ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ?

ಸಲಹೆ ಕೊಡುವವರು ಬಹುಪಾಲು ಅಮೆರಿಕದ ಪೌರತ್ವ ಪಡೆದು ನೆಲೆನಿಂತವರು. ಕೇಳಿಸಿಕೊಳ್ಳುವವರಲ್ಲಿ ಹಲವರು ಇನ್ನೂ ಭಾರತದ ಪಾಸ್‌ಪೋರ್ಟಿನವರು. ಮೊದಲನೆಯವರಿಗೆ ಪ್ಯಾರಿಸ್ಸೆಂದರೆ ನ್ಯೂಅರ್ಕ್ ವಿಮಾನ ನಿಲ್ದಾಣದಿಂದ ಒಂದು ರಾತ್ರಿಯ ಪಯಣ. ಎರಡನೆಯವರಿಗೆ ಅದು ಆರು ತಿಂಗಳ ಕಡತ. ಒಂದೇ ಬಡಾವಣೆ, ಒಂದೇ ಶಾಲೆ, ಬಹಳ ಸಲ ಒಂದೇ ಕಚೇರಿ. ಆದರೂ ಗಡಿಯ ಮುಂದೆ ಸಾಲುಗಳು ಬೇರೆ ಬೇರೆ. ಪಂಕ್ತಿಭೇದವೆಂಬ ಪದದ ಅರ್ಥವನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರವಾಸದ ಸಿದ್ಧತೆ ಈ ಭೇದವನ್ನು ಒಪ್ಪಿಕೊಳ್ಳುವುದರಿಂದಲೇ ಮೊದಲಾಗಬೇಕು. ಆದ್ದರಿಂದ ಯುರೋಪಿಗೆ ಹೊರಡುವವರಿಗೆ ಕೊಡಬಹುದಾದ ಮೊದಲ ಸಲಹೆ ಹೋಟೆಲಿನದಲ್ಲ, ಟಿಕೆಟ್ಟಿನದಲ್ಲ. ಮನೆಯವರೆಲ್ಲರ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು, ಯಾರ ಕಾಗದ ಅತ್ಯಂತ ದುರ್ಬಲವೋ ಅವರಿಂದ ಯೋಜನೆಯನ್ನು ಆರಂಭಿಸಬೇಕು ಎಂಬುದೇ ಆ ಸಲಹೆ.

ಇಲ್ಲಿ ಅಪರೂಪವಲ್ಲದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಪ್ಪನಿಗೆ ಎಚ್-1ಬಿ, ಅಮ್ಮನಿಗೆ ಎಚ್-4, ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಮಗಳಿಗೆ ಅಮೆರಿಕದ ಪೌರತ್ವ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿರುವ ಅಜ್ಜಿಗೆ ಬಿ-2 ಸಂದರ್ಶಕ ವೀಸಾ. ಜೂನ್ ಕೊನೆಯ ವಾರದಲ್ಲಿ ಶಾಲೆ ಮುಗಿಯುತ್ತದೆ. ಹತ್ತು ದಿನ ಫ್ರಾನ್ಸ್ ನೋಡಿಬರಬೇಕೆಂಬುದು ಆಸೆ. ಒಂದು ಮನೆ, ನಾಲ್ಕು ಜನ. ಆದರೆ ಕಾನೂನಿನ ಕಣ್ಣಿಗೆ ಇವರು ಒಂದು ಕುಟುಂಬವಾಗಿ ಪ್ರಯಾಣಿಸುವುದಿಲ್ಲ.

ಮಗಳಿಗೆ ವೀಸಾ ಬೇಕಿಲ್ಲ. ಅವಳ ಪಾಸ್‌ಪೋರ್ಟಿನ ಅವಧಿಯೊಂದನ್ನು ನೋಡಿಕೊಂಡರೆ ಸಾಕು. ಹದಿನಾರರೊಳಗಿನ ಮಕ್ಕಳಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಸ್ಸು ಎಂಬುದನ್ನು ಮರೆತು ಕೊನೆಗಳಿಗೆಯಲ್ಲಿ ಪರದಾಡಿದವರುಂಟು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆಯೊತ್ತುವ ಬದಲು ಮುಖಚಿತ್ರ ಮತ್ತು ಬೆರಳಚ್ಚನ್ನು ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಇದಲ್ಲದೆ, ವೀಸಾ ಬೇಡದ ದೇಶಗಳವರೂ ಮುಂಗಡ ಅನುಮತಿ ಪಡೆಯಬೇಕಾದ ಇಟಿಯಾಸ್ ಎಂಬ ಪದ್ಧತಿ 2026ರ ಕೊನೆಯ ತ್ರೈಮಾಸಿಕದಲ್ಲಿ ಆರಂಭವಾಗಲಿದೆಯೆಂದು ಯುರೋಪಿಯನ್ ಒಕ್ಕೂಟ ಪ್ರಕಟಿಸಿದೆ. ಅದರ ಶುಲ್ಕ 20 ಯೂರೊ. ಹದಿನೆಂಟರೊಳಗಿನವರಿಗೂ ಎಪ್ಪತ್ತು ದಾಟಿದವರಿಗೂ ಶುಲ್ಕವಿಲ್ಲ. ಮಗಳ ಕತೆ ಇಲ್ಲಿಗೆ ಮುಗಿಯಿತು.

ಅಪ್ಪ-ಅಮ್ಮನ ಕತೆ ಆರಂಭವಾಗುವುದು ಷೆಂಗೆನ್ ಎಂಬ ಹೆಸರಿನಿಂದ. ಲಕ್ಸೆಂಬರ್ಗಿನ ಆ ಸಣ್ಣ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗೊಂದರಲ್ಲಿ, 1985ರ ಜೂನ್ 14ರಂದು ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಒಪ್ಪಂದ ಜಾರಿಗೆ ಬಂದದ್ದು 1995ರ ಮಾರ್ಚ್‌ನಲ್ಲಿ. ಇಂದು ಅದರಲ್ಲಿ 29 ದೇಶಗಳಿವೆ. ಸ್ವಿಟ್ಜರ್‌ಲೆಂಡ್ ಮತ್ತು ನಾರ್ವೆ ಒಕ್ಕೂಟದ ಸದಸ್ಯರಲ್ಲದಿದ್ದರೂ ಷೆಂಗೆನ್‌ನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಪ್ಯಾರಿಸ್ಸಿನ ಜೊತೆಗೆ ಲಂಡನ್ನನ್ನೂ ಸೇರಿಸಿಕೊಳ್ಳೋಣವೆಂದರೆ ಭಾರತೀಯ ಪಾಸ್‌ಪೋರ್ಟಿನವರಿಗೆ ಅದು ಇನ್ನೊಂದು ವೀಸಾ, ಇನ್ನೊಂದು ಶುಲ್ಕ. ಒಳಗಿನ ಗಡಿಗಳು ಕರಗಿದಷ್ಟೂ ಹೊರಗಿನ ಗೋಡೆ ಎತ್ತರವಾಯಿತೆಂಬುದು ಷೆಂಗೆನ್‌ನ ಇನ್ನೊಂದು ಮುಖ.

ಅರ್ಜಿಯ ಲೆಕ್ಕಾಚಾರ ಹೀಗಿದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲು ಅರ್ಜಿಯ ಬಾಗಿಲು ತೆರೆಯುತ್ತದೆ. ಹದಿನೈದು ದಿನ ಇರುವಾಗ ಮುಚ್ಚುತ್ತದೆ. ತೀರ್ಮಾನಕ್ಕೆ ಸಾಮಾನ್ಯ ಅವಧಿ ಹದಿನೈದು ದಿನ; ಅದನ್ನು ನಲವತ್ತೈದು ದಿನಕ್ಕೆ ವಿಸ್ತರಿಸುವ ಅಧಿಕಾರ ಅವರಿಗಿದೆ. ನಿಜವಾದ ಅಡಚಣೆ ತೀರ್ಮಾನದ್ದಲ್ಲ, ಅರ್ಜಿ ಕೊಡಲು ಸಿಗಬೇಕಾದ ದಿನದ್ದು. ಬೇಸಿಗೆಯ ದಿನಗಳು ವಸಂತದ ವೇಳೆಗೇ ತುಂಬಿರುತ್ತವೆ. ಆದ್ದರಿಂದ ಜೂನ್ ಕೊನೆಗೆ ಹೊರಡುವವರು ಡಿಸೆಂಬರ್ ಕೊನೆಯಲ್ಲೇ ದಿನ ಹುಡುಕಲು ಕೂರುವುದು ಒಳ್ಳೆಯದು. ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತಾರೋ ಆ ದೇಶಕ್ಕೆ ಅರ್ಜಿ ಸಲ್ಲಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ದಿನ ಸಿಗುವ ದೇಶಕ್ಕೆ ಅರ್ಜಿ ಹಾಕಿ ಬೇರೆ ಕಡೆ ತಿರುಗಾಡುವ ಉಪಾಯವನ್ನು ಪಂಕ್ತಿಯಲ್ಲಿ ಯಾರಾದರೂ ಹೇಳಿಕೊಟ್ಟರೆ ಅದನ್ನು ಅಲ್ಲೇ ಬಿಡುವುದು ಕ್ಷೇಮ. ಅದರ ಫಲ ನಿರಾಕರಣೆಯಾಗಬಹುದು, ಮುಂದಿನ ಅರ್ಜಿಗಳಲ್ಲೂ ಅದರ ನೆರಳು ಉಳಿಯಬಹುದು. ವಾಸಸ್ಥಳವನ್ನೂ ಗಮನಿಸಬೇಕು: ಇಟಲಿಯ ವಿಷಯದಲ್ಲಿ ನ್ಯೂಜೆರ್ಸಿಯ ಉತ್ತರ ಭಾಗ ನ್ಯೂಯಾರ್ಕಿನ ಕಾನ್ಸುಲೇಟಿಗೆ ಸೇರಿದರೆ, ಕ್ಯಾಮ್‌ಡೆನ್, ಬರ್ಲಿಂಗ್ಟನ್ ಮುಂತಾದ ದಕ್ಷಿಣದ ಕೌಂಟಿಗಳು ಫಿಲಡೆಲ್ಫಿಯಾಕ್ಕೆ ಸೇರುತ್ತವೆ.

ಪಾಸ್‌ಪೋರ್ಟು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಷೆಂಗೆನ್ ಬಿಟ್ಟ ಮೇಲೂ ಮೂರು ತಿಂಗಳು ಊರ್ಜಿತವಿರಬೇಕು. ಎರಡು ಖಾಲಿ ಪುಟಗಳಿರಬೇಕು. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಉದ್ಯೋಗದಾತರ ಪತ್ರ, ಸಂಬಳದ ಚೀಟಿಗಳು, ಬ್ಯಾಂಕಿನ ಲೆಕ್ಕ, ಅಮೆರಿಕದಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿರುವುದಕ್ಕೆ ಪುರಾವೆ ಬೇಕಾಗುತ್ತವೆ. ಆ ವಾಸದ ಅನುಮತಿಯೂ ಹಿಂದಿರುಗಿದ ಬಳಿಕ ಕೆಲವು ತಿಂಗಳು ಉಳಿದಿರಬೇಕೆಂದು ಬಹುತೇಕ ಕಚೇರಿಗಳು ಅಪೇಕ್ಷಿಸುತ್ತವೆ. 2024ರ ಜೂನ್ 11ರಿಂದ ವೀಸಾ ಶುಲ್ಕ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45 ಯೂರೊ. ಅದರ ಮೇಲೆ ಅರ್ಜಿ ಸ್ವೀಕರಿಸುವ ಖಾಸಗಿ ಗುತ್ತಿಗೆದಾರರ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ಮರಳುವುದಿಲ್ಲ. ಆದ್ದರಿಂದ ವೀಸಾ ಕೈಸೇರುವವರೆಗೆ ಮರುಪಾವತಿಯಾಗುವ ಕಾಯ್ದಿರಿಸುವಿಕೆಗಳನ್ನು ಮಾತ್ರ ಮಾಡಬೇಕು. ನಿರಾಕರಿಸಿದರೆ ಕಾರಣವನ್ನು ನಿಗದಿತ ನಮೂನೆಯಲ್ಲಿ ಬರೆದು ಕೊಡಬೇಕಾದದ್ದು ಅವರ ಕರ್ತವ್ಯ, ಮೇಲ್ಮನವಿ ಅರ್ಜಿದಾರರ ಹಕ್ಕು.

ಇಷ್ಟೆಲ್ಲ ದಾಟಿದರೆ ಫ್ರಾನ್ಸಿಗೆ ಹೋಗಬಹುದು. ಆದರೆ ಎಚ್-1ಬಿ ಮನೆಯವರ ದೊಡ್ಡ ಪ್ರಶ್ನೆ ಹೋಗುವುದಲ್ಲ, ಮರಳುವುದು. ಅಮೆರಿಕದೊಳಗೆ ವಾಸಿಸುವ ಅನುಮತಿ ಬೇರೆ, ಅಮೆರಿಕಕ್ಕೆ ಪ್ರವೇಶಿಸುವ ವೀಸಾ ಬೇರೆ. ಕಂಪನಿಯ ಅರ್ಜಿಯ ಮೇಲೆ ಐ-797 ಪತ್ರ ಬಂದು ವಾಸದ ಅವಧಿ ವಿಸ್ತರಣೆಯಾಗಿದ್ದರೂ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕ ಮುಗಿದಿರಬಹುದು. ಹಾಗಿರುವವರು ನ್ಯೂಜೆರ್ಸಿಯಲ್ಲಿ ವರ್ಷಗಟ್ಟಲೆ ಕಾನೂನುಬದ್ಧವಾಗಿ ಬದುಕಬಹುದು. ಹೊರಗೆ ಹೋದರೆ ಹೊಸ ವೀಸಾ ಇಲ್ಲದೆ ಮರಳಲಾರರು. ಮೂವತ್ತು ದಿನದೊಳಗಿನ ಪ್ರವಾಸಕ್ಕೆ ಹಳೆಯ ವೀಸಾ ಸಾಕೆಂಬ ವಿನಾಯಿತಿ ಕೆನಡಾ, ಮೆಕ್ಸಿಕೊಗಳಿಗೆ ಇದೆ, ಯುರೋಪಿಗೆ ಇಲ್ಲ. ಹಿಂದೆ ಕೆಲವರು ಯುರೋಪಿನ ಯಾವುದಾದರೂ ಅಮೆರಿಕನ್ ಕಾನ್ಸುಲೇಟಿನಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ, ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಅರ್ಜಿ ಹಾಕಬೇಕೆಂದು ಸೂಚಿಸಿದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಅದೇ ಡಿಸೆಂಬರ್‌ನಲ್ಲಿ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆ ಕಡ್ಡಾಯವಾದಾಗ ಭಾರತದಲ್ಲಿ ನಿಗದಿಯಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ರಜೆಗೆಂದು ಹೋದವರು ಕೆಲಸ, ಮನೆ ಕಂತು, ಮಕ್ಕಳ ಶಾಲೆಗಳನ್ನು ಇಲ್ಲಿ ಬಿಟ್ಟು ಅಲ್ಲಿ ಸಿಲುಕಿದರು. ಆದ್ದರಿಂದ ವೀಸಾ ಮುಗಿದಿರುವವರಿಗೆ ಈ ಕಾಲದಲ್ಲಿ ಹೇಳಬಹುದಾದ ಪ್ರಾಮಾಣಿಕ ಸಲಹೆ ಒಂದೇ: ಈ ವರ್ಷ ಯುರೋಪ್ ಬೇಡ.

ಬೇರೆ ಕಾಗದದವರಿಗೂ ಬೇರೆ ಬೇರೆ ಬಲೆಗಳಿವೆ. ಗ್ರೀನ್ ಕಾರ್ಡಿಗಾಗಿ ಐ-485 ಅರ್ಜಿ ಸಲ್ಲಿಸಿ ಕಾಯುತ್ತಿರುವವರು ಅಡ್ವಾನ್ಸ್ ಪರೋಲ್ ಇಲ್ಲದೆ ಹೊರಟರೆ ಅರ್ಜಿಯನ್ನೇ ಕೈಬಿಟ್ಟಂತಾಗುತ್ತದೆ. ಊರ್ಜಿತ ಎಚ್ ಅಥವಾ ಎಲ್ ವೀಸಾದ ಮೇಲೆ ಮರಳುವವರಿಗೆ ಮಾತ್ರ ವಿನಾಯಿತಿ. ವಿದ್ಯಾರ್ಥಿಗಳ ಐ-20 ಪತ್ರದ ಮೇಲೆ ವಿಶ್ವವಿದ್ಯಾಲಯದ ಪ್ರಯಾಣದ ಸಹಿ ಇರಬೇಕು. ಗ್ರೀನ್ ಕಾರ್ಡ್ ಬಂದವರಿಗೆ ಮರಳುವ ಚಿಂತೆ ಕಡಿಮೆ, ಆದರೆ ಷೆಂಗೆನ್ ವೀಸಾ ತಪ್ಪದು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಮರಳಿದಾಗ ಐ-94 ದಾಖಲೆಯಲ್ಲಿ ವಾಸದ ಅವಧಿಯನ್ನೂ ಆ ದಿನಾಂಕಕ್ಕೇ ಮೊಟಕುಗೊಳಿಸುವುದುಂಟು. ಮನೆಗೆ ಬಂದ ದಿನವೇ ಅದನ್ನು ತೆರೆದು ನೋಡಬೇಕು.

ಉಳಿದವರು ಅಜ್ಜಿ. ಷೆಂಗೆನ್ ನಿಯಮದ ಪ್ರಕಾರ ವಾಸಿಸುವ ದೇಶದಲ್ಲೇ ಅರ್ಜಿ ಹಾಕಬೇಕು. ಬಿ-2 ವೀಸಾದಲ್ಲಿ ಬಂದವರು ಅಮೆರಿಕದ ನಿವಾಸಿಗಳಲ್ಲ. ಊರಿನಲ್ಲೇ ಏಕೆ ಅರ್ಜಿ ಹಾಕಲಿಲ್ಲ ಎಂಬುದಕ್ಕೆ ಸಕಾರಣ ತೋರಿಸದೆ ಇಲ್ಲಿ ಅವರ ಅರ್ಜಿ ಸಲ್ಲುವುದು ಕಷ್ಟ. ಎಲ್ಲರೂ ಪ್ಯಾರಿಸ್ಸಿಗೆ ಹೊರಟಾಗ ಅಜ್ಜಿಯನ್ನು ಪರಿಚಯದವರ ಮನೆಯಲ್ಲಿ ಬಿಡುವ ಪ್ರಸಂಗ ಹುಟ್ಟುವುದು ಇಲ್ಲಿಯೇ. ಇದಕ್ಕೆ ಪರಿಹಾರ ಸರಳ, ಆದರೆ ಮುಂಚೆಯೇ ಯೋಚಿಸಿದ್ದರೆ ಮಾತ್ರ: ಅಮೆರಿಕಕ್ಕೆ ಹೊರಡುವ ಮೊದಲೇ ಬೆಂಗಳೂರಿನಲ್ಲಿ ಷೆಂಗೆನ್ ವೀಸಾ ಮಾಡಿಸಿ, ಬರುವ ದಾರಿಯಲ್ಲೋ ಹೋಗುವ ದಾರಿಯಲ್ಲೋ ಮಕ್ಕಳು ಮೊಮ್ಮಕ್ಕಳು ಪ್ಯಾರಿಸ್ಸಿನಲ್ಲಿ ಅವರನ್ನು ಕೂಡಿಕೊಳ್ಳುವಂತೆ ಪ್ರವಾಸವನ್ನು ಹೊಂದಿಸುವುದು. ಭಾರತದಲ್ಲಿ ವಾಸಿಸುವವರಿಗೆ 2024ರ ಏಪ್ರಿಲ್‌ನಿಂದ ಒಂದು ಅನುಕೂಲವೂ ಇದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾಗಳನ್ನು ಸರಿಯಾಗಿ ಬಳಸಿದವರು ಎರಡು ವರ್ಷದ, ಆಮೇಲೆ ಐದು ವರ್ಷದ ಬಹುಪ್ರವೇಶ ವೀಸಾ ಪಡೆಯಬಹುದು. ಅಜ್ಜಿಯ ಕಾಗದದಿಂದ ಯೋಜನೆ ಆರಂಭಿಸಿದ ಮನೆಗೆ ಇದೆಲ್ಲ ಸಾಧ್ಯ. ಟಿಕೆಟ್ಟಿನ ಅಗ್ಗದ ದರದಿಂದ ಆರಂಭಿಸಿದ ಮನೆಯಲ್ಲಿ ಅಜ್ಜಿ ಉಳಿದುಬಿಡುತ್ತಾರೆ.

ಇಲ್ಲಿಯವರೆಗಿನದು ಸಿದ್ಧತೆ. ಇದನ್ನು ಬರಿಯ ಸಿದ್ಧತೆಯ, ಜಾಣ್ಮೆಯ ವಿಷಯವೆಂದು ಮುಗಿಸಿಬಿಡುವುದೇ ವಲಸಿಗರ ಸಮಾಜದಲ್ಲಿ ಬೇರೂರಿರುವ ಅಭ್ಯಾಸ. ವೀಸಾ ಸಿಕ್ಕರೆ ತಮ್ಮ ಚತುರತೆ, ಸಿಗದಿದ್ದರೆ ಅವರ ಅಜಾಗರೂಕತೆ. ಗೋಡೆಯ ಮಾತು ಎಲ್ಲೂ ಬರುವುದಿಲ್ಲ. ಆ ಗೋಡೆಗೆ ಈ ನೆಲದಲ್ಲೇ ಒಂದು ಚರಿತ್ರೆಯಿದೆ. ಇಂದು ನೂರಾರು ಕನ್ನಡ ಕುಟುಂಬಗಳು ನೆಲೆಸಿರುವ ಪ್ರದೇಶದಲ್ಲೇ ಇರುವ ಪ್ರಿನ್ಸ್‌ಟನ್ನಿನಲ್ಲಿ 1898ರಲ್ಲಿ ಹುಟ್ಟಿ, ರಟ್‌ಗರ್ಸ್‌ನಲ್ಲಿ ಓದಿದ ಗಾಯಕ, ನಟ ಪಾಲ್ ರೋಬ್ಸನ್ನರ ಪಾಸ್‌ಪೋರ್ಟನ್ನು ಅಮೆರಿಕದ ಸರ್ಕಾರ 1950ರಲ್ಲಿ ರದ್ದುಮಾಡಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ತಂದೆಯ ಮಗ, ಕಪ್ಪು ಜನರ ಮತ್ತು ವಸಾಹತುಗಳ ಬಿಡುಗಡೆಯ ಪರವಾಗಿ ಹೊರದೇಶಗಳಲ್ಲಿ ಮಾತಾಡುತ್ತಾರೆಂಬುದೇ ಸರ್ಕಾರದ ಸಂಕಟ. 1957ರಲ್ಲಿ ಅವರು ಅಟ್ಲಾಂಟಿಕ್ ಸಾಗರದಡಿಯ ದೂರವಾಣಿ ತಂತಿಯ ಮೂಲಕ ಲಂಡನ್ನಿನ ಸಭೆಗೂ ವೇಲ್ಸ್‌ನ ಗಣಿಕಾರ್ಮಿಕರಿಗೂ ಹಾಡಿದರು. ದೇಹಕ್ಕೆ ಅನುಮತಿಯಿರಲಿಲ್ಲ, ದನಿ ದಾಟಿತು. 1958ರ ಜೂನ್‌ನಲ್ಲಿ ಚಿತ್ರಕಾರ ರಾಕ್‌ವೆಲ್ ಕೆಂಟ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಪ್ರಯಾಣದ ಹಕ್ಕು ಸ್ವಾತಂತ್ರ್ಯದ ಭಾಗ, ನಂಬಿಕೆಗಳ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸುವ ಅಧಿಕಾರ ಸಚಿವರಿಗಿಲ್ಲ ಎಂದ ಮೇಲೆಯೇ ರೋಬ್ಸನ್ನರಿಗೆ ಪಾಸ್‌ಪೋರ್ಟ್ ಮರಳಿತು. ಇಪ್ಪತ್ತು ವರ್ಷಗಳ ಬಳಿಕ, 1978ರ ಜನವರಿಯಲ್ಲಿ, ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದೇ ಹಕ್ಕನ್ನು ಸಂವಿಧಾನದ 21ನೆಯ ವಿಧಿಯಡಿ ಎತ್ತಿಹಿಡಿಯಿತು.

ಆದರೆ ಈ ಎರಡು ತೀರ್ಪುಗಳೂ ಹೇಳಿದ್ದು ಹೊರಡುವ ಹಕ್ಕನ್ನು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿಯೂ ಅಷ್ಟೇ: ಯಾವ ದೇಶವನ್ನಾದರೂ ಬಿಡುವ, ತನ್ನ ದೇಶಕ್ಕೆ ಮರಳುವ ಹಕ್ಕು. ಇನ್ನೊಂದು ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರೂ ಕೊಟ್ಟಿಲ್ಲ. ಹದಿನೈದು ವರ್ಷ ತೆರಿಗೆ ಕಟ್ಟಿದ, ಮಗಳನ್ನು ಹೆತ್ತು ಬೆಳೆಸುತ್ತಿರುವ ಊರಿಗೆ ಮರಳುವ ಹಕ್ಕು ಎಚ್-1ಬಿ ಕಾರ್ಮಿಕರಿಗಿಲ್ಲ. ಕಾನೂನಿನ ಪ್ರಕಾರ ಅದು ಅವರ 'ತನ್ನ ದೇಶ' ಅಲ್ಲ. 2025ರ ಅಕ್ಟೋಬರ್‌ನಲ್ಲಿ ಭಾರತದವರ ಇಬಿ-2 ಸಾಲು 2013ರ ಏಪ್ರಿಲ್‌ನಲ್ಲಿ ನಿಂತಿತ್ತು. ಯಾವುದೇ ಒಂದು ದೇಶಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲವೆಂಬ ನಿಯಮ ಹುಟ್ಟಿದ ನೆಲವನ್ನೇ ಅಳತೆಗೋಲು ಮಾಡಿಕೊಂಡಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು: ಎಲ್ಲ ದೇಶಗಳೂ ಭೇದ ಮಾಡುತ್ತವೆ, ಭಾರತವೇನು ಕಡಿಮೆಯೇ? ಹಂಪಿಯ ವಿಠ್ಠಲ ದೇವಾಲಯಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600. ಲೂವ್ರ್ ಕೂಡ 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ಟಿಕೆಟ್ಟನ್ನು 22ರಿಂದ 32 ಯೂರೊಗೆ ಏರಿಸಿದೆ. ನಿಜ. ಆದರೆ ಹತ್ತು ಯೂರೊ ಹೆಚ್ಚು ಕೊಟ್ಟು ಒಳಹೋಗುವುದಕ್ಕೂ ಬಾಗಿಲಿನಲ್ಲೇ ತಡೆಯಲ್ಪಡುವುದಕ್ಕೂ ವ್ಯತ್ಯಾಸವಿದೆ. ಎರಡು: ಸಾಫ್ಟ್‌ವೇರ್ ಉದ್ಯೋಗಿಯ ರಜೆಯ ಅಡಚಣೆಯನ್ನು ಪಂಕ್ತಿಭೇದವೆಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರವಲ್ಲವೇ? ಈ ಆಕ್ಷೇಪ ಗಂಭೀರವಾದದ್ದು. ಪಾಸ್‌ಪೋರ್ಟನ್ನು ಬದಲಿಸಬಹುದು, ಜಾತಿಯನ್ನು ಬದಲಿಸಲಾಗದು. ಪ್ಯಾರಿಸ್ ನೋಡದಿದ್ದರೆ ಯಾರೂ ಸಾಯುವುದಿಲ್ಲ. 2013ರ ಅಕ್ಟೋಬರ್ 3ರಂದು ಲ್ಯಾಂಪೆಡೂಸಾ ದ್ವೀಪದ ಬಳಿ ಮುಳುಗಿದ ದೋಣಿಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ಅವರೂ ಅದೇ ಗೋಡೆಯನ್ನು ದಾಟಲು ಹೊರಟಿದ್ದವರು. ವೀಸಾ ಇಲ್ಲದವರನ್ನು ವಿಮಾನ ಹತ್ತಿಸಿದ ಕಂಪನಿಗೆ ದಂಡ ವಿಧಿಸುವ ಕಾನೂನು ಇರುವುದರಿಂದಲೇ, ವಿಮಾನದ ಟಿಕೆಟ್ಟಿಗಿಂತ ಹೆಚ್ಚು ಹಣ ತೆತ್ತು ಜನ ದೋಣಿ ಹತ್ತುತ್ತಾರೆ. ಇಲ್ಲಿಯೂ ಅಷ್ಟೇ: ಪ್ಯಾರಿಸ್ಸಿನ ವಿಮಾನ ಏರುವ ನ್ಯೂಅರ್ಕ್ ನಿಲ್ದಾಣದಿಂದ ಕೆಲವೇ ಮೈಲಿ ದೂರದಲ್ಲಿ, 2025ರಲ್ಲಿ ಮತ್ತೆ ತೆರೆದ ಡೆಲನಿ ಹಾಲ್ ಎಂಬ ವಲಸಿಗರ ಬಂಧನ ಕೇಂದ್ರವಿದೆ. ಕಾಗದವೇ ಇಲ್ಲದೆ ಹೋಟೆಲುಗಳ ಅಡುಗೆಮನೆಗಳಲ್ಲಿ ದುಡಿಯುವವರು ತಾಯಿ ತೀರಿಕೊಂಡರೂ ಊರಿಗೆ ಹೋಗಲಾರರು, ಹೋದರೆ ಮರಳಲಾರರು. ರಜೆಯ ಅರ್ಜಿಯಲ್ಲಿ ಗೋಡೆಯ ಒಂದು ಇಟ್ಟಿಗೆಯನ್ನು ಮುಟ್ಟಿದವರು, ಅದು ಇನ್ನೊಬ್ಬರ ಮೇಲೆ ಎಷ್ಟು ಭಾರವಾಗಿ ಕುಳಿತಿದೆಯೆಂದು ಊಹಿಸಬಲ್ಲರು. ಹೋಲಿಕೆಯ ಪ್ರಯೋಜನ ಇಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಜೊತೆಯಾಗಿ ಪ್ರವಾಸ ಹೋಗುವ ಸಂಸಾರಗಳು ದಿನಾಂಕವನ್ನು ಪೌರತ್ವವಿರುವವರ ಅನುಕೂಲಕ್ಕಲ್ಲ, ವೀಸಾ ಬೇಕಾದವರ ಅನುಕೂಲಕ್ಕೆ ಹೊಂದಿಸಬೇಕು. ಎರಡನೆಯದು, ಕನ್ನಡ ಕೂಟಗಳು ತೆರಿಗೆ ಮತ್ತು ಕಾಲೇಜು ಪ್ರವೇಶದ ಕುರಿತು ನಡೆಸುವಂಥ ಮಾಹಿತಿ ಸಭೆಗಳನ್ನು ಪ್ರಯಾಣದ ಕಾಗದಗಳ ಬಗೆಗೂ ನಡೆಸಬೇಕು. ನಿರಾಕರಣೆಯನ್ನು ಅವಮಾನವೆಂದು ಬಚ್ಚಿಡದೆ ಕಾರಣಗಳನ್ನು ಹಂಚಿಕೊಳ್ಳುವ ವಾತಾವರಣ ಬೇಕು. ಮೂರನೆಯದು ಮತದ ಹಕ್ಕಿರುವವರ ಹೊಣೆ. 2004ರವರೆಗೆ ಎಚ್-1ಬಿ ವೀಸಾವನ್ನು ಅಮೆರಿಕದೊಳಗೇ ನವೀಕರಿಸಬಹುದಾಗಿತ್ತು; 2024ರ ಆರಂಭದಲ್ಲಿ ಇಪ್ಪತ್ತು ಸಾವಿರ ಅರ್ಜಿಗಳ ಮಿತಿಯೊಳಗೆ ಅದನ್ನು ಮತ್ತೆ ಪ್ರಯೋಗಿಸಿಯೂ ನೋಡಲಾಯಿತು. ಅದು ಅಸಾಧ್ಯವಾದ ಬೇಡಿಕೆಯಲ್ಲ. ತಮ್ಮ ಕಾಂಗ್ರೆಸ್ ಪ್ರತಿನಿಧಿಗೆ ಈ ಬಗ್ಗೆ ಬರೆಯಬಲ್ಲವರು, ಡೆಲನಿ ಹಾಲ್‌ನ ಬಗ್ಗೆಯೂ ಅದೇ ಪತ್ರದಲ್ಲಿ ಬರೆಯಬಲ್ಲರು. ಸ್ವಂತದವರಿಗೆ ಮಾತ್ರ ಕೇಳಿದ ನ್ಯಾಯಕ್ಕೆ ಬಲ ಕಡಿಮೆ.

ಮುಂದಿನ ಸಂಕ್ರಾಂತಿಗೆ ಮತ್ತೆ ಚಿತ್ರಗಳು ಹೊರಬರುತ್ತವೆ, ಪ್ಯಾರಿಸ್ಸಿನ ಮಾತು ಬರುತ್ತದೆ. ಲೂವ್ರ್‌ಗೆ ಮಂಗಳವಾರ ರಜೆಯೆಂದು ಹೇಳುವ ಮೊದಲು ಎದುರು ಕುಳಿತವರನ್ನು ಕೇಳಬೇಕಾದ ಮಾತು ಒಂದಿದೆ: "ನಿಮ್ಮ ಸ್ಟಾಂಪಿಂಗ್ ಯಾವಾಗಿನವರೆಗಿದೆ? ಅಮ್ಮನವರಿಗೆ ಬೆಂಗಳೂರಿನಲ್ಲೇ ವೀಸಾ ಮಾಡಿಸಿದಿರಾ?" ಉತ್ತರ ಬಂದ ಮೇಲೆ ಹೋಟೆಲಿನ ಮಾತಿಗೆ ಬೇಕಾದಷ್ಟು ಹೊತ್ತಿರುತ್ತದೆ.